ಅಟ್ಟದ ಕಾಯಿಯೂ ಸತ್ತ ನಕ್ಷತ್ರವೂ

ನಮ್ಮ ತಿಪಟೂರು ಸೀಮೆಯಲ್ಲಿ ಒಣಗಿದ ತೆಂಗಿನಕಾಯೊಂದು ಕೈಗೆ ಬಂದರೆ ಸಾಕು, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿಯಾಗಿದೆಯೋ ಎಂದು ಎಂಥ ಘನವಂತರೂ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸದೆ ಬಿಡುವುದಿಲ್ಲ. ನಾನೂ ಅಲ್ಲಾಡಿಸುತ್ತೇನೆ. ಮೂವತ್ತು ವರ್ಷ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನಾದ್ದರಿಂದ, ಏನೂ ತಿಳಿಯದಿದ್ದರೂ ತಿಳಿದವನಂತೆ ತಲೆದೂಗುವುದು ನನಗೆ ರೂಢಿಯಾಗಿಬಿಟ್ಟಿದೆ.

ಈಚೆಗೆ ಚಿಕ್ಕನಾಯಕನಹಳ್ಳಿಯ ಸಂಘವೊಂದು ನನ್ನಿಂದ ವಿಜ್ಞಾನೋಪನ್ಯಾಸ ಮಾಡಿಸಿತು. ಸ್ವಾಗತ, ಹಾರ, ಶಾಲು, ಹಾರ ಹಾಕಿದವರಿಗೂ ಹಾರ, ಇಷ್ಟೆಲ್ಲ ಮುಗಿದು ಬ್ರಹ್ಮಾಂಡಕ್ಕೆ ಉಳಿದದ್ದು ಹದಿನೈದು ನಿಮಿಷ. ಅಷ್ಟರಲ್ಲೇ ಮಹಾನಕ್ಷತ್ರವೊಂದನ್ನು ಸಿಡಿಸಿ ಸಾಯಿಸಿದೆ. ಸತ್ತ ಮೇಲೂ ಅದರ ಚಿಪ್ಪು ಹಿಗ್ಗುತ್ತ, ಆಘಾತದ ಅಲೆಯ ಆಚೀಚೆ ಕಣಗಳನ್ನು ಚೆಂಡಾಡಿ ಅವುಗಳ ಶಕ್ತಿ ಹೆಚ್ಚಿಸುತ್ತದೆಂದೂ, ಆ ಕಣಗಳು ಕಾಂತಕ್ಷೇತ್ರಗಳಿಗೆ ಸಿಕ್ಕಿ ಸುತ್ತಾಡಿ ತವರಿನ ವಿಳಾಸ ಕಳೆದುಕೊಳ್ಳುತ್ತವೆಂದೂ, ಗಾಮಾ ಕಿರಣ ಮಾತ್ರ ನೆಟ್ಟಗೆ ಬಂದು ಹುಟ್ಟೂರು ಹೇಳುತ್ತದೆಂದೂ ವಿವರಿಸಿದೆ. ಆದರೆ ಆ ಕಿರಣ ಪ್ರೋಟಾನಿನಿಂದಲೂ ಹುಟ್ಟಬಹುದು, ಎಲೆಕ್ಟ್ರಾನಿನಿಂದಲೂ ಹುಟ್ಟಬಹುದು, ಯಾವುದರದೆಂದು ಬೇರ್ಪಡಿಸಿ ಹೇಳುವವನೇ ಜಾಣ ಎಂದು ಮುಗಿಸಿ, ಆ ಜಾಣ ಯಾರೆಂಬ ಬಗ್ಗೆ ಸಭೆಗೆ ಅನುಮಾನ ಉಳಿಯದಂತೆ ಶಾಲು ಸರಿಪಡಿಸಿಕೊಂಡೆ. ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತೆಂದು ತೀರ್ಪು ಕೊಟ್ಟ ಅಧ್ಯಕ್ಷರು ಉಪ್ಪಿಟ್ಟಿನ ಕಡೆ ನಡೆದರು.

ಮುಂದಿನ ಸಾಲಿನಲ್ಲಿದ್ದ ನನ್ನ ಅತ್ತಿಗೆ ಪುಟ್ಟಮ್ಮ ಮಾತ್ರ, "ಅಲ್ಗೋಗಿ ನೋಡ್ದೆ ಒಳ್ಗೇನೈತೆ ಅಂತ ಹೆಂಗ್ ಹೇಳ್ತೀಯಪ್ಪ?" ಎಂದು ಕೇಳಿದರು.

"ಅದು ನಿಮಗೆ ತಿಳಿಯಲ್ಲ ಬಿಡಿ ಅತ್ತಿಗೆ" ಎಂದು ನಕ್ಕುಬಿಟ್ಟೆ.

ಮರುವಾರವೇ ಅತ್ತಿಗೆಯ ಮಗಳ ಮದುವೆ. ಮಧ್ಯಾಹ್ನ ಮಡಿಲು ತುಂಬಿ ಹುಡುಗಿಯನ್ನು ಛತ್ರಕ್ಕೆ ಹೊರಡಿಸಬೇಕು. ಮಡಿಲಿಗೆ ಐದು ಗಿಟುಕು, ಅಂದರೆ ಹೋಳಾಗದ ಇಡೀ ಕೊಬ್ಬರಿ ಉಂಡೆ, ಬೇಕು, ಅದೂ ತಾಯಿ ಕೈಯಾರೆ ಅಟ್ಟದಲ್ಲಿಟ್ಟು ಕಾದದ್ದೇ ಆಗಬೇಕೆಂದು ಅತ್ತಿಗೆಯ ಆಸೆ. ಅವರ ಕಾಲು ಉಳುಕಿದ್ದರಿಂದ ಅಟ್ಟ ಹತ್ತಿದವನು ನಾನು. ವರ್ಷ ತುಂಬಿ ಚಿಪ್ಪಿನೊಳಗೇ ಒಣಗಿದ ಹಳೆಯ ಕಾಯಿ ಕೆಲವೇ ಉಳಿದಿದ್ದು, ಹೊಸ ರಾಶಿಯಲ್ಲಿ ಬೆರೆತುಹೋಗಿದ್ದವು. ಅಲ್ಲಾಡಿಸಿದೆ, ಸದ್ದು ಬಂತು, ಇನ್ನೇನು ಬೇಕು ನೀವೇ ಹೇಳಿ! ಐದನ್ನೂ ಇಳಿಸಿ, ಸುಲಿಸಿ, ಒಡೆದೆ. ಐದರಲ್ಲೂ ಕುಲುಕಿದ್ದು ನೀರು. ಹಸಿ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಹೋಳಾಗಿತ್ತು.

ಅತ್ತಿಗೆಯ ಕಣ್ಣು ತುಂಬಿತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಹೋಗ್ಲಿ ಬುಡು, ಇನ್ನೊಂದ್ ಸಲ ಹತ್ತು. ಒಂದೊಂದೇ ಅಲ್ಲಾಡ್ಸು, ನಾನ್ ಇಲ್ಲೇ ಕುಂತ್ಕಂಡು ಕೇಳ್ತೀನಿ" ಎಂದು ಹಜಾರದಲ್ಲಿ ಕಣ್ಣು ಮುಚ್ಚಿ ಕೂತರು. ಮದುವೆ ಮನೆಯ ಗದ್ದಲವೆಲ್ಲ ಅವರ ಒಂದು ಗದರಿಕೆಗೆ ಅಡಗಿತು.

"ಅದು ನೀರು. ಅದೂ ನೀರೇ ಕಣಪ್ಪ. ಹಾಂ, ಅದು ಕೊಬ್ಬರಿ, ಇಳ್ಸು."

ಹಾಗೆ ಇಳಿದ ಐದನ್ನು ಒಡೆದರೆ, ಚಿಪ್ಪಿನಿಂದ ಬಿಡಿಸಿಕೊಂಡು ಉರುಳಿ ಬಂದವು, ಕಂದು ಬಣ್ಣದ ಐದು ದುಂಡು ಗಿಟುಕು. ಹುಡುಗಿಯ ಮಡಿಲು ತುಂಬಿತು. ನನಗೆ ಖುಷಿಯೂ ಆಯಿತು, ನೆಲ ಬಿರಿದು ಒಳಹೋಗಬಾರದೇ ಎನ್ನುವಷ್ಟು ನಾಚಿಕೆಯೂ ಆಯಿತು.

"ಮೇಲೆ ಹತ್ತಿ ನೋಡದೆ ಹೇಗೆ ಹೇಳಿದಿರಿ ಅತ್ತಿಗೆ?" ಎಂದೆ.

"ಅದು ನಿಂಗೆ ತಿಳಿಯಾಕಿಲ್ಲ ಬುಡಪ್ಪ" ಎಂದು ಅವರು ನಕ್ಕರು.

ಈಗಲೂ ಕಾಯಿ ಕೈಗೆ ಬಂದರೆ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇನೆ. ಆದರೆ ತಲೆದೂಗುವ ಮೊದಲು ಒಮ್ಮೆ ಅತ್ತಿಗೆಯ ಮುಖ ನೋಡುತ್ತೇನೆ.