ಕುದುರೆಯ ಬಾಸಿಂಗ

ನಾನು ಇನ್ನೂ ಅಂಗಿಯ ಗುಂಡಿಯನ್ನು ತಪ್ಪಾಗಿ ಹಾಕಿಕೊಳ್ಳುವಷ್ಟು ಚಿಕ್ಕವನಿದ್ದಾಗ, ನಮ್ಮ ಕುದುರೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅಪ್ಪ ರಾಣೆಬೆನ್ನೂರು ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಮನೆಗೆ ಬಂದವರೆಲ್ಲ ಮೊದಲು ಕುದುರೆಯ ಬೆನ್ನು ಸವರುತ್ತಿದ್ದರು. ನನ್ನ ತಲೆ ಸವರಲು ಯಾರಿಗೂ ನೆನಪಾಗುತ್ತಿರಲಿಲ್ಲ.

ಬೇಸಿಗೆಯಲ್ಲಂತೂ ಅದರ ದರ್ಬಾರು ಹೇಳತೀರದು. ಬಿಸಿಲು ಏರಿದಂತೆ ರಕ್ತ ಹೀರುವ ದೊಡ್ಡ ನೊಣಗಳು ಮುತ್ತುತ್ತಿದ್ದವು. ಕಚ್ಚಿದಲ್ಲೆಲ್ಲ ಕಡಲೆಕಾಳಿನಷ್ಟು ಬಾವು. ಅದಕ್ಕೆಂದೇ ಅಕ್ಕ ದಿನಾ ಅದರ ಕಾಲಿಗೆ ಬೇವಿನೆಣ್ಣೆ ಸವರುವಳು, ಲಾಯದ ಬಾಗಿಲಲ್ಲಿ ಹಸಿ ಬೇವಿನ ಸೊಪ್ಪಿನ ಹೊಗೆ ಹಾಕುವಳು. ಆ ಕಹಿ ವಾಸನೆ ನಮ್ಮ ಊಟದ ತಟ್ಟೆಯವರೆಗೂ ಬರುತ್ತಿತ್ತು. ನನಗೆ ಸೊಳ್ಳೆ ಕಚ್ಚಿದರೆ ಮಾತ್ರ "ಕೆರಕೋಬ್ಯಾಡ" ಎನ್ನುವಳು, ಅಷ್ಟೇ.

ಒಂದು ದಿನ ಅಕ್ಕ ತನ್ನ ಹಳೆಯ ಕೆಂಪು ಲಂಗವನ್ನು ಕತ್ತರಿಸಿ, ಎಳೆಎಳೆಯಾಗಿ ಇಳಿಬಿಟ್ಟು, ಕುದುರೆಯ ಹಣೆಗೆ ಕಟ್ಟಿದಳು. ತಲೆ ಅಲ್ಲಾಡಿಸಿದರೆ ಸಾಕು, ಎಳೆಗಳು ತೂಗಿ ಕಣ್ಣಿನ ಮೇಲಿನ ನೊಣ ಓಡಿಸುತ್ತಿದ್ದವು. ಓಣಿಯವರೆಲ್ಲ ನೋಡಲು ಬಂದರು. "ಮದುಮಗನ ಹಂಗ ಬಾಸಿಂಗ ಕಟ್ಟೀಯಲ್ಲವಾ! ಮದುವಿ ಯಾವಾಗ?" ಎಂದು ಎದುರುಮನೆಯ ಅಜ್ಜಿ ನಕ್ಕಳು. ಆ ಬಟ್ಟೆಯಲ್ಲಿ ನನ್ನ ಗಾಳಿಪಟಕ್ಕೆ ಬಾಲ ಮಾಡಿಕೊಡುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಳು. ನನಗೆ ಹೊಟ್ಟೆ ಉರಿದುಹೋಯಿತು. ಎಲ್ಲರೂ ಊಟಕ್ಕೆ ಕೂತಾಗ ಮೆಲ್ಲಗೆ ಹೋಗಿ, ಅದನ್ನು ಬಿಚ್ಚಿ, ಚಡ್ಡಿಯ ಜೇಬಿಗೆ ತುರುಕಿಕೊಂಡೆ.

ಮೂರು ಗಂಟೆಯ ಹೊತ್ತಿಗೆ ಕುದುರೆ ಗೋಡೆಗೆ ಒದೆಯತೊಡಗಿತು. ಬಲಗಣ್ಣು ಊದಿ ಮುಚ್ಚಿಹೋಗಿತ್ತು, ನೀರು ಸೋರುತ್ತಿತ್ತು. ಹುಲ್ಲನ್ನೂ ಮುಟ್ಟಿರಲಿಲ್ಲ. ಬಾಸಿಂಗ ಎಲ್ಲೋ ಬಿದ್ದಿರಬೇಕು ಎಂದುಕೊಂಡರು. ಅಪ್ಪನ ಮುಖ ಬಾಡಿತು. ಆ ಕಣ್ಣು ಹೋದರೆ ಟಾಂಗಾ ನಿಂತಂತೆಯೇ.

"ಓಣಿ ಮಂದಿ ಎಲ್ಲಾ ನೋಡ್ಯಾರ ಅಪ್ಪಾ. ಯಾರದೋ ಕಣ್ಣು ತಾಗೇತಿ" ಎಂದಳು ಅಕ್ಕ. ಬ್ಯಾಡಗಿಯಿಂದ ತಂದಿದ್ದ ಕೆಂಪು ಮೆಣಸಿನಕಾಯಿ, ಉಪ್ಪು ಹಿಡಿದು ಕುದುರೆಗೆ ನಿವಾಳಿಸಿ, ಬೇವಿನ ಹೊಗೆಯೊಳಗೆ ಎಸೆದಳು. ದೃಷ್ಟಿ ಆಗಿರದಿದ್ದರೆ ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬರಬೇಕು, ಆಗಿದ್ದರೆ ಘಾಟೇ ಬರುವುದಿಲ್ಲ ಎಂಬ ನಂಬಿಕೆ ನಮ್ಮದು. ಎಲ್ಲರೂ ಮೂಗು ಎತ್ತಿ ಕಾದೆವು. ಘಾಟು ಬರಲೇ ಇಲ್ಲ.

"ಖರೇನ ಕಣ್ಣಾಗೇತಿ!" ಎಂದು ಅಕ್ಕ ಸುತ್ತ ನೋಡಿದಳು. ಅವಳ ನೋಟ ನನ್ನ ಮೇಲೆ ಬಿದ್ದದ್ದೇ ತಡ, "ನಂದ ಕಣ್ಣು! ನಂದ!" ಎಂದು ಗೋಳೋ ಎಂದು ಅತ್ತು, ಜೇಬಿನಿಂದ ಬಾಸಿಂಗ ತೆಗೆದೆ. ಆಗಲೇ ಹಸಿ ಸೊಪ್ಪು ಒಣಗಿ ಮೆಣಸಿನಕಾಯಿಗೆ ಬೆಂಕಿ ಹತ್ತಬೇಕೇ! ಮೂವರೂ ಕೆಮ್ಮಿ ಕೆಮ್ಮಿ ಸುಸ್ತಾದೆವು. ಕುದುರೆಯೂ ಸೀನಿತು.

ಹೊಡೆತ ಬೀಳುತ್ತದೆ ಎಂದುಕೊಂಡೆ. ಅಪ್ಪ ಕಣ್ಣೊರೆಸಿಕೊಂಡು, "ನಿನ್ನ ಕಣ್ಣು ಏನೂ ಮಾಡಿಲ್ಲಪಾ, ಮಾಡಿದ್ದು ನಿನ್ನ ಕೈ" ಎಂದರು. ಆ ಕೈಗೇ ಒಂದು ಬೇವಿನ ಟೊಂಗೆ ಕೊಟ್ಟರು. ಮೂರು ದಿನ ಕುದುರೆಯ ಪಕ್ಕ ನಿಂತು ನೊಣ ಓಡಿಸಿದೆ. ಮೂರನೆಯ ದಿನ ಕಣ್ಣು ತುಸು ತೆರೆಯಿತು. ಅದು ಮೊದಲು ನೋಡಿದ್ದು ನನ್ನನ್ನು. ನಾಚಿಕೆಯಿಂದ ನಾನೇ ತಲೆ ತಗ್ಗಿಸಿದೆ.

ಈಗ ಸ್ಟೇಷನ್ನಿನ ಮುಂದೆ ಆಟೋಗಳ ಸಾಲು, ಅವಕ್ಕೆ ನೊಣದ ಚಿಂತೆಯಿಲ್ಲ. ಕತೆ ಕೇಳುತ್ತ ಕೂತ ಮಕ್ಕಳೇ, ನಿಮ್ಮ ಪುಟ್ಟ ತಂಗಿಗೆ ಸೊಳ್ಳೆಪರದೆ ಇದೆ. ಬಂದವರೆಲ್ಲ ಮೊಬೈಲಿನಲ್ಲಿ ಅವಳ ಫೋಟೊ ತೆಗೆಯುತ್ತಾರೆ, ನಿಮ್ಮದಲ್ಲ. ನಿನ್ನೆ ನಿಮ್ಮಲ್ಲೊಬ್ಬರು ಆ ಪರದೆಯ ಮೂಲೆ ಎತ್ತಿಟ್ಟು ಓಡಿದ್ದನ್ನು ನೋಡಿದೆ. ನಿಮ್ಮವ್ವನಿಗೆ ಹೇಳಿಲ್ಲ. ಒಳಹೊಕ್ಕ ಸೊಳ್ಳೆಯನ್ನು ನಾನೇ ಹೊಡೆದೆ. ಈಗ ಪಾಪು ಮಲಗುವ ಹೊತ್ತಾಯಿತು. ಯಾರು ಎತ್ತಿದ್ದರೋ ಅವರೇ ಹೋಗಿ ಪರದೆ ಸರಿಯಾಗಿ ಕಟ್ಟಿ ಬನ್ನಿ, ನಾನು ಆ ಕಡೆ ತಿರುಗಿ ಕೂತಿರುತ್ತೇನೆ.