ಹೊಳೆಯಜ್ಜನ ಕೈಯ ಬಣ್ಣ

ಬ್ಯೆಲ್ಸ್ಕೊ ಊರನ್ನು ಸೀಳಿಕೊಂಡು ಹರಿಯುವ ಹೊಳೆಗೆ ಅಲ್ಲಿನವರ ಮಾತಿನಲ್ಲಿ ಬಿಳಿಹೊಳೆ ಎಂದು ಹೆಸರು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ! ಗೆನ್ಯಾ ಚಿಕ್ಕವಳಿದ್ದಾಗ ಅದು ಒಂದು ದಿನವೂ ಬೆಳ್ಳಗೆ ಹರಿದದ್ದಿಲ್ಲ. ದಂಡೆಯ ಉಣ್ಣೆ ಗಿರಣಿಗಳಲ್ಲಿ ಅಂದು ಯಾವ ಬಣ್ಣದ ಕೊಪ್ಪರಿಗೆ ಬರಿದಾಯಿತೋ ಹೊಳೆಗೂ ಅದೇ ಬಣ್ಣ. ಹೆಂಗಸರು ಸೇತುವೆಯ ಮೇಲೆ ನಿಂತು ನೀರು ನೋಡಿ, ಬರುವ ಚಳಿಗಾಲಕ್ಕೆ ಅಂಗಡಿಯಲ್ಲಿ ಎಂಥ ಕೋಟು ಸಿಗುತ್ತದೆಂದು ಹೇಳಿಬಿಡುತ್ತಿದ್ದರು.

ಈಗ ಗೆನ್ಯಾಗೆ ಎಪ್ಪತ್ತಾರು. ಗಿರಣಿಗಳು ಮುಚ್ಚಿವೆ. ಹೊಳೆಯಲ್ಲಿ ಮೀನು ಕಾಣುತ್ತವೆ, ಬಾತುಕೋಳಿಗಳು ಮರಿ ಮಾಡಿವೆ. ಸಂತೋಷಪಡಬೇಕಾದದ್ದೇ. ಆದರೆ ಯಾರ ಮುಂದೆಯೂ ಬಾಯಿಬಿಡಲಾಗದ ಮಾತೊಂದಿದೆ: ಅವಳಿಗೆ ಆ ಕೊಳಕು ಹೊಳೆಯದೇ ಹಂಬಲ. ಮಧ್ಯಾಹ್ನ ನೀರು ಕೆಂಪಾದರೆ ಸಂಜೆ ಅಪ್ಪ ಕೆಂಪು ಕೈಯಲ್ಲಿ ಮನೆಗೆ ಬರುತ್ತಾನೆಂದು ಅದು ಮೊದಲೇ ತಿಳಿಸುತ್ತಿತ್ತು. ತಿಳಿನೀರಿಗೆ ಅಂಥ ಸುದ್ದಿ ಏನೂ ಗೊತ್ತಿಲ್ಲ.

ಹೋದ ವಾರ ವಾರ್ಸಾದಿಂದ ಲುದ್ಮಿವಾ ಎಂಬವಳ ಕಾಗದ ಬಂತು. ಹಳೆಯ ಸಿನಿಮಾಗಳನ್ನು ರಿಪೇರಿ ಮಾಡುವವಳು. ಗೆನ್ಯಾ ಬಣ್ಣ ಕಲಸಿದ್ದ ಒಂದು ಕಾರ್ಟೂನ್ ಚಿತ್ರ ಮಾಸಿ ಪೂರಾ ಗುಲಾಬಿಯಾಗಿದೆಯಂತೆ, ಮೂಲ ಬಣ್ಣ ಹೇಳಬಲ್ಲವರು ಬೇರೆ ಯಾರೂ ಉಳಿದಿಲ್ಲವಂತೆ, ಗುರುವಾರ ಬರುತ್ತಾಳಂತೆ. ಗೆನ್ಯಾ ಕಾಗದವನ್ನು ಮೂರು ಸಲ ಓದಿದಳು. ನಲವತ್ತು ವರ್ಷದ ಹಿಂದೆ ಮಾಡಿದ ಒಂದು ತಪ್ಪನ್ನು ತಿದ್ದಲು ಇದೊಂದೇ ಅವಕಾಶ, ಇದು ಹೋದರೆ ಹೋಯಿತು.

ಅಪ್ಪ ವಿನ್ಸೆಂತಿ ಗಿರಣಿಯ ಬಣ್ಣಗಾರ. ಕೆಂಪಾಗಲಿ ಹಸಿರಾಗಲಿ ಎರಡು ದಿನದಲ್ಲಿ ಕೈಯಿಂದ ಹೋಗುತ್ತಿತ್ತು. ಅಡಿಯಲ್ಲಿ ಉಳಿಯುತ್ತಿದ್ದದ್ದು ಒಂದು ಕಪ್ಪುನೀಲಿ, ಸೋಪು ಮರಳು ಯಾವುದಕ್ಕೂ ಜಗ್ಗದ್ದು. ಮಗಳಿಗೂ ಬಣ್ಣವೇ ಅನ್ನ ಕೊಟ್ಟಿತು. ಊರಿನ ಕಾರ್ಟೂನ್ ಸ್ಟುಡಿಯೋದಲ್ಲಿ ಅವಳು ಜಾಮಿನ ಬಾಟಲಿಗಳಲ್ಲಿ ಬಣ್ಣ ಕಲಸಿ, ಒಂದೊಂದಕ್ಕೂ ನಂಬರು ಕೊಟ್ಟು, ಕಾರ್ಡಿನಲ್ಲಿ ಚೂರು ಬಣ್ಣ ಬಳಿದು ಬರೆದಿಡುತ್ತಿದ್ದಳು.

ಈಗ ಮಾಸಿರುವ ಆ ಚಿತ್ರವನ್ನು ಎಂಬತ್ತಮೂರನೇ ಇಸವಿಯಲ್ಲಿ ನಿರ್ದೇಶಕ ತೋಬ್ಯಾಷ್ ತೆಗೆದ. ದೂರದ ಗ್ರಹವೊಂದರಲ್ಲಿ ಕಾರ್ಖಾನೆಗಳು ನೀರನ್ನೆಲ್ಲ ಕೆಡಿಸಿವೆ, ಆ ನೀರಿನಿಂದ ಆಗಾಗ ಒಂದು ಕೈ ಮೇಲೇಳುತ್ತದೆ. ಅರ್ಧ ಚಿತ್ರ ಮುಗಿಯುವವರೆಗೂ ಬರೀ ಕೈ. ನೋಡಿದವರು ಅದನ್ನು ವಿಷ ಕಕ್ಕುವ ರಾಕ್ಷಸನೆಂದೇ ತಿಳಿಯಬೇಕು. ಕೊನೆಗೆ ಗೊತ್ತಾಗುವುದೇನೆಂದರೆ, ಅವನು ಹೊಳೆಯಜ್ಜ, ಮಕ್ಕಳಿಗೆ ಒಂದು ಗುಟುಕು ನೀರು ಉಳಿಯಲಿ ಎಂದು ಆ ವಿಷವನ್ನೆಲ್ಲ ತಾನೇ ಕುಡಿಯುತ್ತಿದ್ದವನು.

ಚಿತ್ರಗಾರರು ಆ ಕೈಗೆ ಉಗುರು, ಗಂಟು, ಹಸಿರು ಲೋಳೆ ಎಲ್ಲ ಬರೆದಿದ್ದರು. ನಮ್ಮೂರ ಮಕ್ಕಳು ಮಂಗಳವಾರ ಬಂದರೆ ಹಸಿರು ಹೊಳೆ ನೋಡುತ್ತಾರೆ, ಇದಕ್ಕೆ ಯಾರು ಹೆದರುತ್ತಾರೆ ಎಂದಳು ಗೆನ್ಯಾ. ಉಗುರು ತೆಗೆಯಿರಿ, ದುಡಿಯುವವನ ಕೈ ಮಾಡಿ, ಬಣ್ಣ ನಾನು ತರುತ್ತೇನೆ. ಅಂದು ಸಂಜೆ ಅಪ್ಪ ಬಚ್ಚಲಲ್ಲಿ ಕೈ ತೊಳೆಯುವಾಗ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಳು, ಕಣ್ಣು ತುಂಬ ನೋಡಿದಳು. ಮರುದಿನ ಕಲಸಿದ ಬಣ್ಣವೇ ನಲವತ್ತೇಳನೆಯ ನಂಬರು. ಯಾರ ಕೈ ಎಂದು ಯಾರಿಗೂ ಹೇಳಲಿಲ್ಲ. ಅಪ್ಪ ತೆರೆಯ ಮೇಲೆ ನೋಡಿ ತಾನೇ ಗುರುತು ಹಿಡಿಯಲಿ ಎಂಬ ಆಸೆ.

ಗುರುತೇನೋ ಹಿಡಿದ. ಅಕ್ಟೋಬರಿನಲ್ಲಿ ಗಿರಣಿಯ ಸಭಾಂಗಣದಲ್ಲೇ ನಡುಮಧ್ಯಾಹ್ನ ಚಿತ್ರ ಹಾಕಿದರು. ನೀರಿನಿಂದ ಕೈ ಎದ್ದದ್ದೇ ತಡ, ಮುಂದಿನ ಸಾಲಿನವನೊಬ್ಬ ತಿರುಗಿ, "ವಿನ್ಸೆಂತಿ, ನಿನ್ನ ಕೈ ಅಲ್ಲಿಗ್ಯಾವಾಗ ಹೋಯ್ತೋ ಮಾರಾಯ?" ಅಂದ. ಸಾಲಿಗೆ ಸಾಲೇ ನಕ್ಕಿತು. ಅಪ್ಪನೂ ನಕ್ಕ, ನಕ್ಕು ಎರಡೂ ಕೈಗಳನ್ನು ಜೇಬಿಗಿಳಿಸಿದ. ಒಂದೂವರೆಗೆ ಎರಡನೇ ಪಾಳಿಯ ಸೈರನ್ ಕೂಗಿತು. ಆ ಪಾಳಿಯವರೆಲ್ಲ ಚಿತ್ರದ ನಡುವೆಯೇ ಎದ್ದು ಕೆಲಸಕ್ಕೆ ಹೋದರು, ಅಪ್ಪನೂ ಹೋದ. ಉಳಿದರ್ಧವನ್ನು ಅವನು ಕೇಳಲಿಲ್ಲ, ಗೆನ್ಯಾ ಹೇಳಲಿಲ್ಲ. ಇನ್ನೊಂದು ದಿನ ನೋಡುತ್ತಾನೆ ಬಿಡು ಎಂದುಕೊಂಡಳು.

ಅಂದಿನಿಂದ ಅಪ್ಪನ ಕೈಗೆ ಉಣ್ಣೆಯ ಗ್ಲೌಸು ಬಂತು. ಬಸ್ಸಿನಲ್ಲಿ, ಚರ್ಚಿನಲ್ಲಿ, ಬ್ರೆಡ್ಡಿನ ಸಾಲಿನಲ್ಲಿ. ವಯಸ್ಸಾಯಿತು, ಚಳಿ ತಡೆಯುವುದಿಲ್ಲ ಎಂದು ಗೆನ್ಯಾ ತಿಳಿದಳು. ಊರ ಬಣ್ಣವೆಲ್ಲ ಅಳೆಯುವವಳಿಗೆ ಮನೆಯಲ್ಲಿದ್ದ ಅಪ್ಪನ ಮುಖದ ಬಣ್ಣ ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ, ಮೊದಲ ನಕ್ಷತ್ರ ಕಂಡ ಮೇಲೆ, ಮನೆಮಂದಿಯೆಲ್ಲ ಮೇಜಿನ ಸುತ್ತ ನಿಂತರು. ಹಪ್ಪಳದಷ್ಟು ತೆಳುವಾದ ಪವಿತ್ರ ರೊಟ್ಟಿಯನ್ನು ಒಬ್ಬರದನ್ನೊಬ್ಬರು ಮುರಿದು ತಿಂದು, ಹರಸಿ, ಆಮೇಲೆಯೇ ಊಟ. ಅಪ್ಪ ಗ್ಲೌಸಿನ ಕೈಯಲ್ಲೇ ರೊಟ್ಟಿ ಚಾಚಿದ. ಅದು ಉಣ್ಣೆಗೆ ಸಿಕ್ಕಿ ಪುಡಿಯಾಗಿ ನೆಲಕ್ಕೆ ಬಿತ್ತು.

"ಅಪ್ಪಾ, ಅದನ್ನ ತೆಗಿ. ಇವತ್ತೂ ಏನದು?"

"ಇರ್ಲಿ ಬಿಡು. ಮಗು ಹೆದರೀತು."

ಮಗು ಎಂದರೆ ಗೆನ್ಯಾಳ ಐದು ವರ್ಷದ ಕಿಂಗಾ. ಗೆನ್ಯಾಗೆ ಆಗ ತಿಳಿಯಿತು. ಅವಳು ಪ್ರೀತಿಯೆಂದು ಕೊಟ್ಟದ್ದನ್ನು ಅಪ್ಪ ಎರಡು ತಿಂಗಳಿಂದ ಅವಮಾನವೆಂದು ಹೊತ್ತು ತಿರುಗಿದ್ದ. ಹೊಳೆ ಕೆಡಿಸಿದ ರಾಕ್ಷಸ ನೀನೇ ಎಂದು ಹೆತ್ತ ಮಗಳೇ ಊರೆದುರು ತೋರಿಸಿದಳೆಂದು ತಿಳಿದೂ ಅವನು ಒಂದು ಮಾತು ಆಡಿರಲಿಲ್ಲ.

ಬೀಟ್ರೂಟ್ ಸಾರು ಆರುತ್ತಿತ್ತು. ಗೆನ್ಯಾ ನಿಂತಲ್ಲೇ ನಿಂತು ಉಳಿದರ್ಧ ಕತೆಯನ್ನು ಹೇಳಿದಳು: ಹೊಳೆಯಜ್ಜ ಯಾರು, ಯಾಕೆ ಕುಡಿದ, ಕೊನೆಗೆ ಮಕ್ಕಳು ಬಂದು ಆ ಕೈಯನ್ನು ಹೇಗೆ ಹಿಡಿದುಕೊಂಡರು. ಕತೆ ಮುಗಿದ ಮೇಲೆ ಅಪ್ಪ ಗ್ಲೌಸು ತೆಗೆದ. ಕೈಗಳನ್ನು ದೀಪದಡಿ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಯಾವಾಗ ನೋಡಿ ಕಲಸಿದ್ದೆ ನೀನು?"

"ನೀನು ಕೈ ತೊಳ್ಕೊಳ್ಳೋವಾಗ."

"ಅದಕ್ಕೇ ಮತ್ತೆ. ಬಣ್ಣಗಾರನ ಮಗಳಾಗಿ ಒದ್ದೆ ಬಟ್ಟೆ ನೋಡಿ ಬಣ್ಣ ಹೊಂದಿಸ್ತಾರೇನೇ? ಒಣಗಿದ್ಮೇಲೆ ನೋಡ್ಬೇಕು. ನಂದು ಅಷ್ಟು ಕಪ್ಪಿಲ್ಲ ಮಗಳೇ."

ಒದ್ದೆಯಾದದ್ದು ಒಂದು ಪಾಲು ಗಾಢವಾಗಿ ಕಾಣುತ್ತದೆಂಬುದು ಗಿರಣಿಗೆ ನಿನ್ನೆ ಸೇರಿದವನಿಗೂ ಗೊತ್ತು. ಗೆನ್ಯಾ ನಗುತ್ತ ಅತ್ತಳು. ಅಪ್ಪ ಬರಿಗೈಯಲ್ಲಿ ಇನ್ನೊಂದು ರೊಟ್ಟಿ ಎತ್ತಿಕೊಂಡು ಮೊದಲು ಕಿಂಗಾಳ ಮುಂದೆ ಹಿಡಿದ. ಅವಳು ಹೆದರಲಿಲ್ಲ, ದೊಡ್ಡ ಚೂರನ್ನೇ ಮುರಿದುಕೊಂಡಳು.

ಚಿತ್ರ ಅಷ್ಟರಲ್ಲಿ ಊರೂರಿಗೆ ಹೋಗಿಯಾಗಿತ್ತು, ತಿದ್ದುವಂತಿರಲಿಲ್ಲ. ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡ. ಎದೆಯ ಮೇಲೆ ಜಪಮಾಲೆ ಸುತ್ತಿ ಜೋಡಿಸಿದ್ದ ಕೈಗಳಿಗೆ ಗೆನ್ಯಾ ಬಾಗಿ ಮುತ್ತಿಟ್ಟಳು. ಪೂರಾ ಒಣಗಿದ್ದವು. ಅವನು ಹೇಳಿದ್ದು ಸರಿಯಾಗಿತ್ತು, ಅಷ್ಟು ಕಪ್ಪಿರಲಿಲ್ಲ.

ಗುರುವಾರ ಲುದ್ಮಿವಾ ಬಂದಳು. ಸೇಬಿನ ಕೇಕು ತಿಂದು, ಮೇಜಿನ ಮೇಲೆ ಕಂಪ್ಯೂಟರ್ ತೆರೆದು, ಗ್ರಹದ ಆಕಾಶ, ಕಾರ್ಖಾನೆ, ಮಕ್ಕಳ ಅಂಗಿ ಎಲ್ಲವನ್ನೂ ಕೇಳಿ ಕೇಳಿ ಸರಿ ಮಾಡಿದಳು. ಕೊನೆಗೆ ಕೈ ಬಂತು. ಸ್ಟುಡಿಯೋದ ನೆಲಮಾಳಿಗೆಯಲ್ಲಿ ಸಿಕ್ಕಿದ ಒಂದೇ ಒಂದು ಹಳೆಯ ಕಾರ್ಡನ್ನು ಪಕ್ಕದಲ್ಲಿಟ್ಟು ಅದಕ್ಕೆ ಸರಿಯಾಗಿ ಬಣ್ಣ ತುಂಬಿದ್ದಳು.

"ಇದೇ ತಾನೇ, ಗೆನ್ಯಾ ಅವರೇ?"

ಗೆನ್ಯಾ ಕನ್ನಡಕ ಒರೆಸಿ ನೋಡಿದಳು. "ಒಂದು ಚೂರು ತಿಳಿ ಮಾಡಮ್ಮ."

ಲುದ್ಮಿವಾ ಅನುಮಾನಿಸಿದಳು. ಮೂಲದಲ್ಲಿ ಇದ್ದದ್ದನ್ನು ಹಾಗೇ ಉಳಿಸಬೇಕು, ತನ್ನ ಕೆಲಸಕ್ಕೆ ಅದೊಂದೇ ನಿಯಮ ಎಂದು ಮೆಲ್ಲನೆ ಹೇಳಿ, ಕಾರ್ಡನ್ನು ಗೆನ್ಯಾಳ ಕಡೆ ಸರಿಸಿದಳು. "ನಲವತ್ತೇಳು ಅಂತಾನೇ ಇದೆ ನೋಡಿ. ನಿಮ್ಮದೇ ಅಕ್ಷರ."

"ಅಕ್ಷರ ನಂದೇ ಕಣಮ್ಮ, ಕೈ ನಮ್ಮಪ್ಪಂದು. ಅವತ್ತು ಒದ್ದೆ ಇತ್ತು."

ಲುದ್ಮಿವಾ ಅವಳ ಮುಖ ನೋಡಿದಳು. ಕೀಲಿಯ ಮೇಲೆ ಬೆರಳಿಟ್ಟು ಬಣ್ಣವನ್ನು ಒಂದೊಂದೇ ಹೆಜ್ಜೆ ತಿಳಿ ಮಾಡುತ್ತ ಹೋದಳು. ತೆರೆಯ ಮೇಲೆ ಹೊಳೆಯಜ್ಜನ ಕೈ ನಿಧಾನವಾಗಿ ಒಣಗಿತು.

"ಸಾಕು," ಎಂದಳು ಗೆನ್ಯಾ.