ಶೆಟ್ಟೆವ್ವನ ದಾನದ ಪಾಠ

ಮಸಗುಪ್ಪಿಯಲ್ಲಿ ಜೋಳದ ಸುಗ್ಗಿ ಬಂತೆಂದರೆ ತಾಯಂದಿರು ಕುಡುಗೋಲು ಹಿಡಿದು ಹೊಲಕ್ಕೆ, ಶೆಟ್ಟೆವ್ವ ಬರಿಗೈಯಲ್ಲಿ ರಣರಂಗಕ್ಕೆ. ಶಾಲೆ ಸೇರಿದ ಮಕ್ಕಳನ್ನು ಆಗ ಊರನ್ನಾಳುತ್ತಿದ್ದ ಮುಂಬೈ ಸರಕಾರ ನೋಡಿಕೊಳ್ಳುತ್ತಿತ್ತು. ಶಾಲೆಯ ವಯಸ್ಸಾಗದ ಚಿಳ್ಳೆಪಿಳ್ಳೆಗಳ ದಂಡು ಈ ಮುದಿ ವಿಧವೆಯ ಕಟ್ಟೆಗೆ ಬೀಳುತ್ತಿತ್ತು. ಸಂಬಳವೆಂದರೆ ದಿನಕ್ಕೊಂದು ಮನೆಯಿಂದ ಬರುವ ಬುತ್ತಿ: ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ. ಸಂಜೆಯಾಗುವಷ್ಟರಲ್ಲಿ ಅವಳ ಸೊಂಟ, ಗಂಟಲು ಎರಡೂ ಸೋತಿರುತ್ತಿದ್ದವು.

ಆ ವರ್ಷ ಮಕ್ಕಳು ಒಂದು ಶೇಂಗಾಕಾಯಿಗಾಗಿ ಒಬ್ಬರನ್ನೊಬ್ಬರು ಕಚ್ಚತೊಡಗಿದಾಗ ಅವಳಿಗೆ ದಾನದ ಪಾಠ ಹೊಳೆಯಿತು. ಜಂಗಮ ಮಾಲಿಂಗಯ್ಯನವರು ಭಿಕ್ಷೆಗೆ ಬಂದಾಗಲೆಲ್ಲ ಮಕ್ಕಳ ಕೈಯಿಂದಲೇ ಜೋಳಿಗೆಗೆ ಚಿಟಿಕೆ ಜೋಳ ಹಾಕಿಸಿದಳು. ಇದ್ದುದರಲ್ಲಿ ಕೊಡಬೇಕು, ಕೊಟ್ಟದ್ದನ್ನು ತಿರುಗಿ ಪಡೆಯಬಾರದು, ಸಿಕ್ಕಿದ್ದನ್ನು ಹಂಚಿ ತಿನ್ನಬೇಕು ಎಂದು ಬಾಯಿಪಾಠ ಮಾಡಿಸಿದಳು. ಪಾಠ ಹತ್ತಿತು. ಹತ್ತಬಾರದಷ್ಟು ಹತ್ತಿತು.

ಒಂದು ಮಧ್ಯಾಹ್ನ ಭಿಕ್ಷೆಗೆಂದು ಇಟ್ಟ ಜೋಳ ತೀರಿತ್ತು. ಮಕ್ಕಳು ಮಲಗಿದ ಮೇಲೆ ನೆಮ್ಮದಿಯಿಂದ ಉಣ್ಣೋಣವೆಂದು ಬುತ್ತಿ ಬದಿಗಿಟ್ಟ ಶೆಟ್ಟೆವ್ವ ತಾನೇ ತೂಕಡಿಸಿದ್ದಳು. ಭಿಕ್ಷೆಗೆ ಬಂದ ಮಾಲಿಂಗಯ್ಯನವರ ಗಂಟೆಯ ಸದ್ದಿಗೆ ಕಣ್ಣು ಬಿಟ್ಟರೆ, ನಾಲ್ಕು ವರ್ಷದ ಕಾಶೆವ್ವನ ಮುಂದಾಳತ್ವದಲ್ಲಿ ಸೈನ್ಯವು ಬುತ್ತಿಯನ್ನು ಗಂಟುಸಮೇತ ಜೋಳಿಗೆಗಿಳಿಸಿ ವಿಜಯದಿಂದ ನಿಂತಿತ್ತು. ಬೆಳಗಿನಿಂದ ಅವಳ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

ಅಯ್ಯನವರು ಒಳ್ಳೆಯವರು, ಗಂಟನ್ನು ಹೊರತೆಗೆದು ಚಾಚಿದರು. ಶೆಟ್ಟೆವ್ವನ ಕೈಯೂ ಮುಂದೆ ಹೋಯಿತು.

"ಆಯಿ, ಕೊಟ್ಟದ್ದ ಹೊಳ್ಳಿ ಇಸ್ಗೋಬಾರ್ದು ಅಂತ ನೀನ ಹೇಳಿದ್ಯಲ್ಲಾ?" ಎಂದಳು ಕಾಶೆವ್ವ.

ಮುಂದೆ ಹೋದ ಕೈ ಸೆರಗು ಸರಿಪಡಿಸುವ ನೆಪದಲ್ಲಿ ಹಿಂದೆ ಬಂತು. ಅಯ್ಯನವರು ಗಡ್ಡ ನೀವಿಕೊಂಡು ಯೋಚಿಸಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತು, ಗಂಟು ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟು ಉಳಿದದ್ದನ್ನು ಅವಳತ್ತ ಸರಿಸಿದರು.

"ಈಗ ಇದು ಪ್ರಸಾದ ಆತು. ತಗೋ ಯವ್ವಾ, ಪ್ರಸಾದ ಒಲ್ಲೆ ಅನಬಾರ್ದು."

ಧರ್ಮವೂ ಉಳಿಯಿತು, ರೊಟ್ಟಿಯೂ ಮರಳಿತು. ಆದರೆ ಪ್ರಸಾದವೆಂದದ್ದೇ ತಡ, ದಂಡೆಲ್ಲ ಕೈಯೊಡ್ಡಿ ಸಾಲಾಗಿ ಕುಳಿತುಬಿಟ್ಟಿತು. ಹಂಚಿ ತಿನ್ನುವುದನ್ನೂ ಕಲಿತಿತ್ತಲ್ಲ! ಮುರಿದು ಕೊಡುತ್ತ ಕೊಡುತ್ತ ಶೆಟ್ಟೆವ್ವನ ಪಾಲಿಗೆ ಎರಡು ಬೆರಳಗಲದ ಚೂರು ಉಳಿಯಿತು. ಅದನ್ನು ಬಾಯಿಗೊಯ್ಯುವಷ್ಟರಲ್ಲಿ ಕೆಂಚಪ್ಪನೆಂಬ ಪೋರ ತನ್ನದನ್ನು ನುಂಗಿ ಮುಗಿಸಿ, ಅವಳ ಚೂರನ್ನೇ ನೋಡುತ್ತ ಎದುರಿಗೆ ನಿಂತ. ಗುರು ಏನು ಮಾಡುತ್ತಾಳೋ ಎಂದು ಉಳಿದವರೂ ನೋಡುತ್ತಿದ್ದರು.

ಶೆಟ್ಟೆವ್ವ ಉಸಿರುಬಿಟ್ಟು ಚೂರನ್ನು ಮುರಿದಳು.

"ನಾಳಿಂದ ದಾನ ಸಾಕ್ರೆಪಾ," ಎಂದಳು ಅರ್ಧವನ್ನು ಅವನ ಕೈಗಿಡುತ್ತ. "ಬರೇ ಕಣ್ಣ ಮುಚ್ಚಿ ಮಕ್ಕೊಳ್ಳೋದು ಕಲಸ್ತೀನಿ."